ಕಲ್ಲಿನಾಥನ ಹನ್ನೆರಡನೆಯ ಕಪ್ಪು

ಕೊಳಕೂರಿನ ಕಲ್ಲಿನಾಥನ ಮನೆಯಲ್ಲಿ ಕಪ್ಪುಗಳಿಗೆ ಬರವಿರಲಿಲ್ಲ. ಸೊನ್ನದಿಂದ ಗಾಣಗಾಪುರದವರೆಗಿನ ಮ್ಯಾರಥಾನಿನಲ್ಲಿ ಅವನು ಹನ್ನೊಂದು ವರ್ಷ ಬಿಡದೆ ಎರಡನೆಯವನಾಗಿದ್ದ. ಹನ್ನೊಂದು ಸಲವೂ ಮೊದಲನೆಯವನು ಅಫಜಲಪುರದ ಹಫೀಜ. ಹೆಂಡತಿ ಗುರುಬಾಯಿ ಒಂದು ಕಪ್ಪಿನಲ್ಲಿ ಉಪ್ಪು, ಒಂದರಲ್ಲಿ ಹುಣಸೆಹಣ್ಣು ಇಟ್ಟಿದ್ದಳು, ಇನ್ನೊಂದರಲ್ಲಿ ಜೋಳ ಅಳೆಯುತ್ತಿದ್ದಳು.

"ಈ ಸಲ ಪೈಲಾ ಕಪ್ಪು ತರ್ರಿ, ಇಲ್ಲಾಂದ್ರ ಓಡೋದು ಬಿಡ್ರಿ," ಎಂದು ಹನ್ನೆರಡನೆಯ ಓಟದ ದಿನ ಬೆಳಿಗ್ಗೆ ಅಪ್ಪಣೆ ಕೊಡಿಸಿದ್ದಳು.

ದೈವ ಕಣ್ಣು ತೆರೆಯಿತು. ಅರ್ಧ ದಾರಿಯಲ್ಲಿ ಹಫೀಜ ಬೇವಿನ ಮರದಡಿ ಕಾಲು ಹಿಡಿದು ಕುಳಿತಿದ್ದ. "ನರ ಹಿಡಕೊಂಡದ ಭಾಯಿ. ಇವತ್ತು ನಿಂದ, ಓಡು," ಎಂದ. ಕಲ್ಲಿನಾಥನಿಗೆ ಅಯ್ಯೋ ಪಾಪ ಎನ್ನಿಸಿತು. ಆ ಪಾಪ ಹತ್ತು ಹೆಜ್ಜೆಯೂ ಬಾಳಲಿಲ್ಲ.

ಮುಂದೆ ನೀರು ಕೊಡುತ್ತಿದ್ದ ಅಜೀಜಾಬಿ, "ಹಫೀಜ ಏನ್ ಓಡ್ಯಾನಪಾ, ಹೋಗಿದ್ದಽ ಕಾಣಲಿಲ್ಲ," ಎಂದಳು.

"ಅವ ಹಿಂದ ಕುಂತಾನಬೇ!"

ಅಜೀಜಾಬಿ ಬಿಸಿಲು ತಲೆಗೇರಿದೆಯೆಂದು ಅವನ ನೆತ್ತಿಗೂ ಒಂದು ಚೊಂಬು ಸುರಿದಳು.

ಗಾಣಗಾಪುರದಲ್ಲಿ ಅವನು ರಿಬ್ಬನ್ ಹರಿದುಕೊಂಡು ನುಗ್ಗಿದಾಗ ಸಮಿತಿಯವರೆಲ್ಲ ಸುಸಲಾ-ಮಿರ್ಚಿಯ ನಾಷ್ಟಾದಲ್ಲಿ ಮುಳುಗಿದ್ದರು. ಅಧ್ಯಕ್ಷ ಜಗದೇವಪ್ಪ ತಲೆಯೆತ್ತಿ, "ಕಲ್ಲಿನಾಥ ಬಂದಾ ಅಂದ್ರ ಹಫೀಜ ಬಂದು ಹತ್ತ ಮಿನಿಟ ಆಗಿರಬೇಕು. ನಾಷ್ಟಾದಾಗ ನೋಡ್ಲಿಲ್ಲ ನಾವು," ಎಂದರು.

"ಸಾವಕಾರ್ರ, ಪೈಲಾ ನಾನ ಬಂದೇನ್ರಿ. ರಿಬ್ಬನ್ ಹರದಾವನೂ ನಾನ."

"ಹಫೀಜ ಸಂಭಾವಿತ. ನಮ್ಮ ರಿಬ್ಬನ್ ಹಾಳಾಗಬಾರದಂತ ಬಗ್ಗಿ ಬಂದಿರ್ತಾನ."

ಅಷ್ಟರಲ್ಲಿ ಯಾರದೋ ಬೈಕಿನ ಹಿಂದೆ ಕುಳಿತು ಹಫೀಜ ಬಂದ. ಕಲ್ಲಿನಾಥ ಅವನನ್ನು ಮೈಕಿನ ಮುಂದೆ ಎಳೆದು ನಿಲ್ಲಿಸಿದ. "ನಾ ಅರ್ಧಕ್ಕ ಬಿಟ್ಟೇನ್ರಿ. ಪೈಲಾ ಕಲ್ಲಿನಾಥನ," ಎಂದು ಹಫೀಜ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಜಗದೇವಪ್ಪ ಕಣ್ಣೊರೆಸಿಕೊಂಡರು. "ನೋಡ್ರಿ, ಎಂಥಾ ದಿಲ್! ಗೆದ್ದದ್ದನ್ನ ದೋಸ್ತಗ ಕೊಡಾಕತ್ತಾನ."

ಚಪ್ಪಾಳೆ ಬಿತ್ತು, ಹಫೀಜನಿಗೆ ಶಾಲು ಬಿತ್ತು. ಕಪ್ಪುಗಳ ಮೇಲೆ ಹೋದ ವಾರವೇ ಹೆಸರು ಕೆತ್ತಿಸಿ ಆಗಿತ್ತು. ಕಲ್ಲಿನಾಥನ ಹೆಸರು ಎರಡನೆಯದರ ಮೇಲಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಹಫೀಜ ತನ್ನ ಕಪ್ಪನ್ನು ಅವನ ಚೀಲಕ್ಕೆ ತುರುಕಿದ. "ಇದು ನಿಂದು. ಮನಿಗೆ ಒಯ್ಯಿ." ಕಲ್ಲಿನಾಥನ ಕಣ್ಣು ತುಂಬಿ ಬಂತು. ಲೋಕ ಹಾಳಾಗಿ ಹೋಗಲಿ, ಗುರುಬಾಯಿ ನಂಬಿದರೆ ಸಾಕಿತ್ತು.

ಮನೆಯಲ್ಲಿ ಗುರುಬಾಯಿ ದೊಡ್ಡ ಕಪ್ಪನ್ನು ತಿರುಗಿಸಿ ಹೆಸರು ಓದಿದಳು. "ಅಯ್ಯ, ಹಫೀಜಣ್ಣಂದು ಅದಲಿ ಬದ್ಲಿ ಆಗಿ ಬಂದದ. ಪಾಪ, ಹುಡಕ್ಯಾಡತಿರ್ತಾನ. ಅಫಜಲಪುರದ ಬಸ್ ಇನ್ನಾ ಅಗಸ್ಯಾಗ ನಿಂತದ, ಓಡ್ರಿ, ಕೊಟ್ಟು ಬರ್ರಿ."

ಸಣ್ಣ ಕಪ್ಪನ್ನು ತೊಳೆದು ಅದಕ್ಕೆ ತೊಗರಿಬೇಳೆ ಸುರಿದಳು.

ಹಫೀಜನ ಕಪ್ಪನ್ನು ಎದೆಗವಚಿಕೊಂಡು ಕಲ್ಲಿನಾಥ ಓಡಿದ. ಊರ ಅಗಸಿ ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಅಲ್ಲಿಯೂ ಅವನು ಎರಡನೆಯವನಾದ.