ಅಜ್ಜಿ ಬಾಯಿ ಬಿಡದ ಕಾಯಿಲೆ

ಇಂದ:
ಹುಲುಗೇಶ್ ತಂದೆ ಸೋಮಪ್ಪ,
ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು,
ಸೈಕಲ್ ಪಂಕ್ಚರ್ ಅಂಗಡಿ, ಕೋಗಳಿ, ಹಗರಿಬೊಮ್ಮನಹಳ್ಳಿ ತಾಲ್ಲೂಕು.

ಗೆ:
ಪ್ರವೇಶ ಸಮಿತಿಯ ದೊಡ್ಡವರು,
ಆಕ್ಯುಪೇಷನಲ್ ಥೆರಪಿ ಕಾಲೇಜು.

ವಿಷಯ: ಗುಣವಾದ ರೋಗಿಯನ್ನೂ ರೋಗಿಯೆಂದು ಒಪ್ಪಿ ನನ್ನ ತಂಗಿಗೆ ಸೀಟು ಕೊಡುವ ಕುರಿತು.

ಉಲ್ಲೇಖ: "ಅಭ್ಯರ್ಥಿಯು ಆರೈಕೆ ಮಾಡಿದ ರೋಗಿ ಕಂಡುಬಂದಿಲ್ಲ" ಎಂಬ ತಮ್ಮ ಪತ್ರ, ದಿನಾಂಕ 14-6-2004.

ಮಾನ್ಯರೇ,

ಮೇಲ್ಕಂಡ ಪತ್ರ ಓದಿ ನನ್ನ ಮೈ ಉರಿದಿರುವುದನ್ನು ಈ ಮೂಲಕ ತಮ್ಮ ಗಮನಕ್ಕೆ ತರುತ್ತಿದ್ದೇನೆ.

1. ನನ್ನ ತಂಗಿ ಕ್ರಾಂತಿ ಕೊಟ್ಟೂರಿನಲ್ಲಿ ಬಿ.ಎಸ್ಸಿ. ಓದುತ್ತಲೇ ತಮ್ಮ ಕಾಲೇಜಿಗೆ ತಯಾರಾದವಳು. ಕೈಕಾಲು ಬಿದ್ದವರಿಗೆ ದಿನದ ಕೆಲಸ ಮರಳಿ ಕಲಿಸುವುದೇ ಆ ವಿದ್ಯೆಯಾದ ಕಾರಣ, ಲಕ್ವ ಹೊಡೆದು ಅಜ್ಜಿ ಮೈಲಮ್ಮನ ಬಲಗೈ ಬಿದ್ದಾಗ ಅವಳನ್ನೇ ಆರೈಕೆಗೆ ಹಿಡಿದಳು. ನಾಟಿ ಔಷಧಿ ಮಾಡಿಸಿದ್ದರಿಂದ ಆಸ್ಪತ್ರೆಯ ಚೀಟಿ ಇರುವುದಿಲ್ಲ.

2. ಹಿಟ್ಟು ನಾದಿಸಿದಳು, ಕುಪ್ಪಸದ ಗಂಟು ಹಾಕಿಸಿದಳು. ಅಜ್ಜಿಯ ಕೈಯಿಂದ ಜಾರುವ ತಂಬಿಗೆಯನ್ನು ನಾನು ಹಿಡಿಯಹೋದರೆ, "ಅಣ್ಣಾ, ಮುಟ್ಟಿದಿ ಅಂದ್ರ ನೋಡು! ಬೀಳ್ಲಿ, ಆಕಿನ ಎತ್ಲಿ" ಎಂದು ಗದರಿದಳು. ಪಕ್ಕದ ಮನೆಯ ಚೌಡಕ್ಕ, "ಬ್ಯಾನಿ ಬಿದ್ದ ಮುದುಕಿನ ರೊಟ್ಟಿ ಬಡಿಯಾಕ ಹಚ್ಚೀಯಲ್ಲ, ನಿನ್ನ ಓದಿಗೆ ಬೆಂಕಿ ಹಚ್ಚ" ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಆ ದಿನಗಳಲ್ಲಿ ನಾನು ತಿಂದ ರೊಟ್ಟಿಗಳ ಆಕಾರವನ್ನು ಇಲ್ಲಿ ವಿವರಿಸುವುದಿಲ್ಲ.

3. ಕೈ ಬಂತು. ಅಭ್ಯರ್ಥಿಯು ತಾನು ಆರೈಕೆ ಮಾಡಿದ ಒಬ್ಬ ರೋಗಿಯನ್ನು ತೋರಿಸಬೇಕೆಂಬ ತಮ್ಮ ನಿಯಮದಂತೆ ಅಜ್ಜಿಯನ್ನು ತಮ್ಮೆದುರು ಹಾಜರುಪಡಿಸಿದೆವು. ತಾವು "ಏನಾಗಿತ್ತಜ್ಜಿ?" ಎಂದಿರಿ. ಅವಳು, "ನನಗೇನಾಗೈತ್ರಿ ಸಾಹೇಬ್ರ? ಗುಂಡ್ಕಲ್ಲಿದ್ದಂಗ ಅದೀನಿ" ಎಂದು ಅದೇ ಬಲಗೈಯಿಂದ ಎಲೆಗೆ ಸುಣ್ಣ ಹಚ್ಚಿ, ಮಡಚಿ, ತಮಗೆ ಕೊಟ್ಟಳು. ತಾವು ಅದನ್ನು ಅಗಿಯುತ್ತಲೇ ತಂಗಿಯ ಹೆಸರು ಹೊಡೆದುಹಾಕಿದಿರಿ.

4. ಹೊರಗೆ ಬಂದು ನಾನು ಕೂಗಾಡಿದ್ದಕ್ಕೆ ಅಜ್ಜಿ, "ಬಾಯಿ ಮುಚ್ಚಲೇ! ಹೋದ ಬ್ಯಾನಿನ ಹೆಸರು ಹಿಡದು ಕರದ್ರ ತಿರುಗಿ ಬರ್ತೈತಿ" ಎಂದಳು. ನಮ್ಮ ಕಡೆಯ ಮುದುಕಿಯರೆಲ್ಲ ಹೀಗೇ. ಆದ್ದರಿಂದ ಗುಣವಾದ ರೋಗಿ ತಮಗೆ ಯಾವತ್ತೂ ಕಂಡುಬರುವುದಿಲ್ಲ. ಗುಣವಾಗದವರು ಬೇಕಾದಷ್ಟು ಸಿಗುತ್ತಾರೆ. ಅವರು ನನ್ನ ತಂಗಿಗೆ ಸಂಬಂಧಪಟ್ಟವರಲ್ಲ.

5. ತಂಗಿ ಅಂದಿನಿಂದ ಪುಸ್ತಕ ಮುಟ್ಟಿಲ್ಲ. "ಹೋಗ್ಲಿ ಬಿಡಣ್ಣ, ಅಜ್ಜಿ ಕೈ ಬಂತಲ್ಲ" ಅನ್ನುತ್ತಾಳೆ. ನನಗೆ ಬಿಡಲು ಆಗುತ್ತಿಲ್ಲ.

ಆದ್ದರಿಂದ ಸದರಿ ಕ್ರಾಂತಿಗೆ ಸೀಟು ಮಂಜೂರು ಮಾಡಬೇಕು. ತಪ್ಪಿದಲ್ಲಿ, ಆದದ್ದನ್ನು ಹೇಳಲು ಅಂಜದ ರೋಗಿಯಾಗಿ ನಾನೇ ಕೈ ಮುರಿದುಕೊಂಡು ಹಾಜರಾಗಲು ಸಿದ್ಧನಿದ್ದೇನೆ.

ತಮ್ಮ, ಸದ್ಯಕ್ಕೆ ಎರಡೂ ಕೈ ನೆಟ್ಟಗಿರುವ ವಿಶ್ವಾಸಿ,
ಹುಲುಗೇಶ್

ಲಗತ್ತುಗಳು:
1. ಕ್ರಾಂತಿಯ ಅಂಕಪಟ್ಟಿಯ ನಕಲು.
2. ಅಜ್ಜಿಯ ಬಲಗೈ ಹೆಬ್ಬೆಟ್ಟು. ಕಾಯಿಲೆಯ ಹೆಸರು ಬರೆದ ಹಾಳೆ ಮುಟ್ಟಲೊಪ್ಪದ ಕಾರಣ, ಖಾಲಿ ಹಾಳೆಯ ಮೇಲೆ.

ವಿ.ಸೂ.: ನಾನು ಎಡಚ. ಬಲಗೈ ಮುರಿದುಕೊಂಡು ಬಂದರೆ "ಇವನಿಗೇನು ತೊಂದರೆ?" ಎಂದು ತಾವು ಮತ್ತೆ ತಿರಸ್ಕರಿಸುವ ಸಂಭವವಿದೆ. ಕಾರಣ, ಯಾವ ಕೈ ಎಂಬುದನ್ನು ಮುಂಚಿತವಾಗಿ ಲಿಖಿತದಲ್ಲಿ ತಿಳಿಸಬೇಕಾಗಿ ವಿನಂತಿ.