ಮಧ್ಯಾಹ್ನದ ಊಟಕ್ಕೊಂದು ಆದೇಶ

ನಾಲ್ಕು ಜನರನ್ನು ಮುನ್ನಡೆಸುವ ಯೋಗ್ಯತೆ ನನಗಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಸರಕಾರಕ್ಕೆ ಅನ್ನಿಸಿಬಿಟ್ಟಿತು. ಚಿತ್ತಾಪುರದ ಪುಟ್ಟ ಕಚೇರಿಯೊಂದಕ್ಕೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡಿ, ಸಾಲದ್ದಕ್ಕೆ ತರಬೇತಿಗೂ ಕಳಿಸಿದರು. ನಾಯಕನಾದವನು ದಾರಿ ತೋರಿಸಬೇಕು, ಹುರಿದುಂಬಿಸಬೇಕು, ಜಗಳ ಬಿಡಿಸಬೇಕು, ಅವನಿಗೆ ನಾನಾ ಪಾತ್ರಗಳಿವೆ ಎಂದು ಅಲ್ಲಿ ಹೇಳಿಕೊಟ್ಟರು. ವಾಡಿಯ ಮನೆಗೆ ಬಂದು ಹೆಂಡತಿಗೆ ಅದನ್ನೇ ವಿವರಿಸುತ್ತಿದ್ದರೆ, "ಪಾತ್ರದ ಮಾತು ಆಮ್ಯಾಲ ಹೇಳ್ರಿ, ಮೊದಲ ಆ ಪಾತ್ರಿ ತೊಳದು ಕೊಡ್ರಿ" ಎಂದಳು. ತೊಳೆದುಕೊಟ್ಟೆ.

ಕಚೇರಿಯಲ್ಲಾದರೂ ನಾಯಕನಾಗೋಣವೆಂದರೆ ಅಲ್ಲಿ ಸುಧಾರಿಸಲು ಏನೂ ಇರಲಿಲ್ಲ. ಟಪಾಲನ್ನು ಶರಣಮ್ಮ ಅಕ್ಕ, ಲೆಕ್ಕಪತ್ರವನ್ನು ಮಹಬೂಬ್ ಭಾಯಿ ನಾನು ಬರುವ ಮೊದಲಿನಿಂದಲೂ ಚೆನ್ನಾಗಿಯೇ ನೋಡಿಕೊಂಡಿದ್ದರು. ಕಡೆಗೆ ನನ್ನ ಕಣ್ಣು ಮಧ್ಯಾಹ್ನದ ಊಟದ ಮೇಲೆ ಬಿತ್ತು. ಮೂವರೂ ಒಂದೇ ಮೇಜಿನ ಸುತ್ತ ಕೂತು, ಊರ ಸುದ್ದಿಯೆಲ್ಲ ಮಾತಾಡುತ್ತ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆವು. ಒಂದು ದಿನ ಎಲ್ಲರ ಡಬ್ಬಿಯಲ್ಲೂ ಪುಂಡಿಪಲ್ಯವೇ ಬಂತು. ಇದು ಯೋಜನೆಯ ಕೊರತೆ ಎಂದು ನನಗೆ ತಕ್ಷಣ ಹೊಳೆಯಿತು. ಯಾವ ದಿನ ಯಾರು ಏನು ತರಬೇಕೆಂದು ಆದೇಶ ಬರೆದು ಗೋಡೆಗೆ ಅಂಟಿಸಿದೆ.

"ಸೋಮವಾರ ನಾನು ಬದ್ನಿಕಾಯಿ ತರಬೇಕಂತಲ್ರಿ. ಸಂತ್ಯಾಗ ಸಿಗಲಿಲ್ಲಂದ್ರ ರಜಾ ಹಾಕಲೇನ್ರಿ?" ಎಂದು ಶರಣಮ್ಮ ಅಕ್ಕ ಕೇಳಿದರು. ಮೊದಲೇ ತಿಳಿಸಿದರೆ ಬದಲಿ ಪಲ್ಯಕ್ಕೆ ಅನುಮತಿ ಕೊಡಬಹುದು ಎಂದು ನಾನು ಗಂಭೀರವಾಗಿಯೇ ಹೇಳಿದೆ. ಮಾರನೆಯ ವಾರ ಅವರು ಕಡತಗಳ ಕೋಣೆಯಲ್ಲಿ ಊಟಕ್ಕೆ ಕೂತರು, ಮಹಬೂಬ್ ಭಾಯಿ ತಮ್ಮ ಕುರ್ಚಿಯಲ್ಲೇ ಉಂಡರು. ಕಾರಣ ಕೇಳಿದರೆ, "ಡಬ್ಬಿ ಕಟ್ಟೋರು ನಮ್ಮ ಮನಿಯವ್ರು ಸಾಹೇಬ್ರ. ಅವ್ರಿಗಿ ನಿಮ್ಮ ಆರ್ಡರ್ ತೋರಿಸ್ಲಿಕ್ಕ ನನಗ ಧೈರ್ಯ ಇಲ್ಲ" ಎಂದರು ಭಾಯಿ. ದೊಡ್ಡ ಮೇಜಿಗೆ ನಾನೊಬ್ಬನೇ ಉಳಿದೆ. ಕಚೇರಿಯ ಕೆಲಸ ನಿಲ್ಲಲಿಲ್ಲ, ಮಾತು ಮಾತ್ರ ನಿಂತುಹೋಯಿತು.

ಹೀಗಿರುವಾಗ ಒಂದು ದಿನ ರೈಲು ಹಿಡಿಯುವ ಅವಸರದಲ್ಲಿ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದೆ. ಊಟದ ಹೊತ್ತಿಗೆ ಕಡತವೊಂದನ್ನು ಬಿಚ್ಚಿಕೊಂಡು ಕೂತೆ. "ಯಾಕ್ರೀ ಸಾಹೇಬ್ರ, ಊಟ ಮಾಡವಲ್ರಿ?" ಎಂದರು ಡಬ್ಬಿ ಹಿಡಿದು ಕಡತಗಳ ಕೋಣೆಗೆ ಹೊರಟಿದ್ದ ಶರಣಮ್ಮ ಅಕ್ಕ. ಹಸಿವಿಲ್ಲ ಎಂದೆ. ಅಷ್ಟರಲ್ಲಿ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. "ಮಹಬೂಬ್ ಭಾಯಿ, ಡಬ್ಬಿ ತಗೊಂಡು ಈ ಕಡಿ ಬರ್ರಿ. ಸಾಹೇಬ್ರು ಉಪಾಸ ಕುಂತಾರ" ಎಂದು ಅಕ್ಕ ಕೂಗಿ, ತಮ್ಮ ರೊಟ್ಟಿಯನ್ನು ನನ್ನ ಮುಂದಿಟ್ಟರು. ಭಾಯಿ ಹುಣಸೆಹುಳಿಯ ಖಟ್ಟಾ ದಾಲ್ ಸುರಿದರು. ಮೇಜಿನ ಸುತ್ತ ಮತ್ತೆ ಮಾತು ಶುರುವಾಯಿತು. ಸಂಜೆ ಹೋಗುವಾಗ ಗೋಡೆಯ ಆದೇಶವನ್ನು ನಾನೇ ಕಿತ್ತು ಜೇಬಿಗಿಟ್ಟುಕೊಂಡೆ. ಯಾರೂ ಕಂಡಂತೆ ತೋರಿಸಿಕೊಳ್ಳಲಿಲ್ಲ.

ಮೊನ್ನೆ ಸೇಡಂ ಕಚೇರಿಯವರೊಬ್ಬರು ಊಟದ ಹೊತ್ತಿಗೇ ಬಂದು, "ನಿಮ್ಮ ಹೊಸ ಸಾಹೇಬ್ರು ಹೆಂಗ?" ಎಂದು ನನ್ನೆದುರೇ ಕೇಳಿದರು. "ಭಾಳ ಚಲೋ ಅದಾರ್ರಿ" ಎಂದರು ಮಹಬೂಬ್ ಭಾಯಿ, "ಯಾವುದ್ರಾಗೂ ಬಾಯಿ ಹಾಕಂಗಿಲ್ಲ." ವಿನಯಕ್ಕಾದರೂ ಏನಾದರೂ ಹೇಳಬೇಕಿತ್ತು. ಆದರೆ ಶರಣಮ್ಮ ಅಕ್ಕನ ಡಬ್ಬಿಯಿಂದ ಆಗಷ್ಟೇ ತೆಗೆದುಕೊಂಡ ಬದನೆಕಾಯಿ ನನ್ನ ಬಾಯಿ ತುಂಬ ಇತ್ತು.