ಹುಬ್ಬಲ್ಲ, ಹಬ್ಬು

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತನಿಗೆ ದಿನವಿಡೀ ಜನರ ಮಾತು ಕೇಳುವುದೇ ಕೆಲಸ. ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನುವವರು, ಬಂದರೆ ನಿಲ್ಲುವುದಿಲ್ಲ ಎನ್ನುವವರು, ನೀರೇನೋ ಸರಿಯಾಗಿ ಬರುತ್ತಿದೆ ಆದರೆ ಪಕ್ಕದ ಮನೆಗೂ ಅಷ್ಟೇ ಬರುತ್ತಿದೆ ಎಂದು ಗೋಳಾಡುವವರು. ಮನೆಗೆ ಬಂದರೆ ಹೆಂಡತಿ ಮತ್ತು ಟಿ.ವಿ. ಈ ಎರಡರ ನಡುವೆ ಕಾರಿನಲ್ಲಿ ಒಬ್ಬನೇ ಕಳೆಯುವ ಅರ್ಧ ಗಂಟೆ ಮಾತ್ರ ಅವನಿಗೆ ಯಾರೂ ಏನೂ ಹೇಳುತ್ತಿರಲಿಲ್ಲ.

ಒಂದು ತಿಂಗಳಿಂದ ಕಾರೇ ಮಾತಾಡತೊಡಗಿತ್ತು. ವೇಗ ನಲವತ್ತು ದಾಟಿದರೆ ಸಾಕು, ಕೆಳಗೆಲ್ಲೋ ಗುಂಯ್ ಎಂಬ ಸದ್ದು. ಅರವತ್ತಕ್ಕೆ ಹೋದರೆ ಹಿಟ್ಟಿನ ಗಿರಣಿಯೊಳಗೆ ಕೂತಂತಾಗುತ್ತಿತ್ತು. ಭಾನುವಾರ ಬೆಳಿಗ್ಗೆ, ನೆರೆಹೊರೆಯ ಸಲಹೆಗಾರರಿಗೆ ಸುಳಿವು ಸಿಗಬಾರದೆಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಮೆಕ್ಯಾನಿಕ್ಕಿಗೆ ಫೋನ್ ಮಾಡಿದ. ಚಕ್ರವನ್ನು ಹಿಡಿದು ತಿರುಗಿಸುವ ನಡುಭಾಗಕ್ಕೆ ಹಬ್ಬು ಅನ್ನುತ್ತಾರೆ, ಅದೇ ಹೋಗಿರಬೇಕು ಎಂದ ಮೆಕ್ಯಾನಿಕ್ಕು.

"ಬಲಕ್ಕೆ ತಿರುಗಿಸುವಾಗ ಸದ್ದು ಜಾಸ್ತಿಯಾದ್ರೆ ಎಡಗಡೇದು ಹೋಗಿದೆ ಅಂತ. ಎಡಕ್ಕೆ ತಿರುಗಿಸುವಾಗ ಜಾಸ್ತಿಯಾದ್ರೆ ಬಲಗಡೇದು. ನೋಡ್ಕೊಂಡು ಬನ್ನಿ ಸಾರ್."

"ಹಬ್ಬು ಪೂರ್ತಿ ಹೋಗಿದೆಯಾ?" ಎಂದು ಗುಮಾಸ್ತ ಕೇಳಿದ್ದು, ಹೊರಗಿದ್ದ ಹೆಂಡತಿಗೆ 'ಹುಬ್ಬು ಪೂರ್ತಿ ಹೋಗಿದೆಯಾ' ಎಂದು ಕೇಳಿಸಿತು. ಅವನು ಬಾಗಿಲು ತೆಗೆಯುವ ಹೊತ್ತಿಗೆ ಎದುರುಮನೆಯ ಹಲ್ಲಿನ ಡಾಕ್ಟರು ಟಾರ್ಚು ಹಿಡಿದು ನಿಂತಿದ್ದರು. ಅವರ ಹಿಂದೆ ಮಹಡಿ ಮನೆಯ ನಿವೃತ್ತ ಗಣಿತ ಮೇಷ್ಟ್ರು.

ಹುಬ್ಬಲ್ಲ, ಹಬ್ಬು ಎಂದು ಬಿಡಿಸಿ ಹೇಳಿದರೂ ಇಬ್ಬರೂ ಹೊರಡಲಿಲ್ಲ. ಹಲ್ಲಾದರೂ ಅಷ್ಟೇ, ಚಕ್ರವಾದರೂ ಅಷ್ಟೇ, ಸದ್ದು ಬಂತೆಂದರೆ ಬೇರಿಗೇ ಪೆಟ್ಟಾಗಿದೆ, ಕೀಳುವುದೇ ವಾಸಿ ಎಂದರು ಡಾಕ್ಟರು. ಮೇಷ್ಟ್ರು, ಯಾವ ಕಡೆಯದು ಎಂದು ಸಾಬೀತಾಗದೆ ಕೀಳಬಾರದು ಎಂದರು. ಗುಮಾಸ್ತ ಬೇಡ ಎನ್ನುವುದರೊಳಗೆ ಇಬ್ಬರೂ ಚಪ್ಪಲಿ ಮೆಟ್ಟಿ ಕಾರಿನಲ್ಲಿ ಕೂತಿದ್ದರು.

ದೊಡ್ಡ ರಸ್ತೆಗಳು ಕೂಡುವಲ್ಲಿ ಒಂದು ಹುಲ್ಲಿನ ವೃತ್ತ. ಅದನ್ನು ಸುತ್ತುವಾಗ ಕಾರು ಬಲಕ್ಕೇ ತಿರುಗುತ್ತಿರಬೇಕು. ಗುಮಾಸ್ತ ಸುತ್ತತೊಡಗಿದ. ಡಾಕ್ಟರು ಹಿಂದಿನ ಸೀಟಿನಲ್ಲಿ ಕಿವಿಯನ್ನು ಎಡಬಾಗಿಲಿಗೆ ಆನಿಸಿ, ಸದ್ದು ಜಾಸ್ತಿಯಾಯಿತು ಎಂದರು. ಬಾಗಿಲು ನಡುಗುತ್ತದೆ, ಅದು ಪುರಾವೆಯಲ್ಲ ಎಂದರು ಮೇಷ್ಟ್ರು. ಹನ್ನೊಂದನೆಯ ಸುತ್ತಿಗೆ ಗುಮಾಸ್ತನಿಗೆ ಬೆಳಗಿನ ಕಾಫಿ ಗಂಟಲಿಗೆ ಬಂತು.

"ಇದು ಅರ್ಧ ಪ್ರಮೇಯ ಆಯ್ತು," ಎಂದರು ಮೇಷ್ಟ್ರು. "ಎಡಕ್ಕೆ ತಿರುಗಿಸಿದಾಗ ಸದ್ದು ಕಡಿಮೆ ಆಗುತ್ತೆ ಅಂತ ತೋರಿಸಿದ್ರೇ ಪೂರ್ತಿ. ಉಲ್ಟಾ ಸುತ್ತಪ್ಪ."

ಉಲ್ಟಾ ಅರ್ಧ ಸುತ್ತು ಹೋಗುವಷ್ಟರಲ್ಲಿ ಸೀಟಿ ಕೇಳಿಸಿತು. ಟ್ರಾಫಿಕ್ ಪೊಲೀಸಪ್ಪ ಕಿಟಕಿಗೆ ಬಗ್ಗಿ, ಏನು ಕುಡಿದಿದ್ದೀರಿ ಎಂದು ಕೇಳಿದ. ಗುಮಾಸ್ತ ಬೆವರುತ್ತ ಹಬ್ಬಿನ ಕಥೆ ಹೇಳಿದ. ಅವನ ವೃತ್ತಿಜೀವನದಲ್ಲಿ ಅವನು ಹೇಳಿದ ಮೊದಲ ದೂರು ಅದು. ಪೊಲೀಸಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ನಾಲ್ಕೂ ಕಡೆಯ ವಾಹನಗಳಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಮುಂದಿನ ಸೀಟಿನಲ್ಲಿ ಬಂದು ಕೂತ.

"ಸುತ್ತಿ. ನಾನೂ ಕೇಳ್ತೀನಿ. ಸುಳ್ಳಾದ್ರೆ ಇಲ್ಲೇ ಇಳಿಸಿ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ."

ನಿಂತ ಬಸ್ಸುಗಳ ಕಿಟಕಿಗಳಿಂದ ಜನ ನೋಡುತ್ತಿರಲು ಕಾರು ಮೂರು ಸಲ ಉಲ್ಟಾ ಸುತ್ತಿತು. ಸದ್ದು ನಿಜವಾಗಿಯೂ ತಗ್ಗಿತು. ಎಡಗಡೆಯದೇ ಎಂದು ಪೊಲೀಸಪ್ಪ ತೀರ್ಪು ಕೊಟ್ಟ. ಅವನ ಪಾಳಿಯೂ ಮುಗಿದಿತ್ತು. ರಿಪೇರಿ ಹೇಗೆ ಮಾಡುತ್ತಾರೆಂದು ನೋಡಬೇಕೆಂದು ಅವನೂ ಗ್ಯಾರೇಜಿಗೆ ಬಂದ.

ಮೆಕ್ಯಾನಿಕ್ಕು ಕಾರನ್ನು ಎತ್ತಿ ಚಕ್ರ ಬಿಚ್ಚಿದ, ಬ್ರೇಕ್ ಕಳಚಿದ, ಹಬ್ಬನ್ನು ಹೊರಗೆ ತೆಗೆದ. ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಕರಕರ. ಗ್ರೀಸ್ ಹಚ್ಚಿದರೆ ಸಾಲದೇ ಎಂದು ಮೂವರೂ ಒಟ್ಟಿಗೆ ಕೇಳಿದರು. ಅದೆಲ್ಲ ಹಳೇ ಕಾರುಗಳಲ್ಲಿ, ಈಗಿನವುಗಳಲ್ಲಿ ಗ್ರೀಸ್ ತುಂಬಿ ಸೀಲು ಮಾಡಿಯೇ ಕಳಿಸುತ್ತಾರೆ, ಕೆಟ್ಟರೆ ಇಡೀ ಹಬ್ಬನ್ನೇ ಬದಲಿಸಬೇಕು ಎಂದ ಮೆಕ್ಯಾನಿಕ್ಕು. ಹೊಸ ಹಬ್ಬಿನ ಅಂಚಿನಲ್ಲಿ ಚಕ್ರದ ವೇಗವನ್ನು ಬ್ರೇಕಿಗೆ ತಿಳಿಸುವ ಅಯಸ್ಕಾಂತದ ಬಳೆಯೊಂದಿತ್ತು. ಡಾಕ್ಟರು ಅದಕ್ಕೆ ತಮ್ಮ ಬೀಗದ ಕೈ ಅಂಟುತ್ತದೆಯೇ ಎಂದು ನೋಡಹೊರಟಾಗ ಮೆಕ್ಯಾನಿಕ್ಕು ಹಬ್ಬನ್ನು ಮಗುವಿನಂತೆ ಎದೆಗವಚಿಕೊಂಡು ಮೂವರನ್ನೂ ಬೆಂಚಿನ ಮೇಲೆ ಕೂರಿಸಿದ.

ಹಿಂದಿರುಗುವಾಗ ಕಾರು ಬೆಣ್ಣೆಯಂತೆ ಹೋಯಿತು. ಎಪ್ಪತ್ತರಲ್ಲೂ ಸದ್ದಿಲ್ಲ. ಗುಮಾಸ್ತನ ಕಣ್ಣು ಒದ್ದೆಯಾಯಿತು.

ಆಗ ಮೇಷ್ಟ್ರು ಹೇಳಿದರು, "ಈಗ ನೋಡಪ್ಪ, ಆರಾಮಾಗಿ ಮಾತಾಡ್ಬಹುದು. ನನ್ನ ಟ್ಯೂಷನ್ ಈಗೊಂದು ತಿಂಗಳಿಂದ ನಿನ್ನ ಆಫೀಸಿನ ಹಿಂದಿನ ಬೀದೀಲೇ. ಇಷ್ಟು ದಿನ ಈ ಸದ್ದಿಗೆ ಹೆದರಿ ಬಸ್ಸಲ್ಲಿ ಹೋಗ್ತಿದ್ದೆ."

ಡಾಕ್ಟರೂ ಅದನ್ನೇ ಹೇಳಿದರು; ಅವರ ಕ್ಲಿನಿಕ್ಕೂ ಈಚೆಗೆ ಅದೇ ಬೀದಿಗೆ ಬಂದಿತ್ತು. ದಿನವಿಡೀ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಸದ್ದು ಕೇಳಿ, ಇವನ ಕಾರಿನಲ್ಲೂ ಅದೇ ಯಾಕೆಂದು ಸುಮ್ಮನಿದ್ದರಂತೆ. ಪೊಲೀಸಪ್ಪನ ಮನೆಯೂ ದಾರಿಯಲ್ಲೇ ಇತ್ತು. ಮೂವರೂ ನಾಳೆ ಎಂಟಕ್ಕೆ ಸಿದ್ಧವಾಗಿರುವುದಾಗಿ ಮಾತು ಕೊಟ್ಟರು. ಮನೆಗೆ ಬಂದರೆ ಹೆಂಡತಿ, ಕಾರಿನಲ್ಲಿ ಇನ್ನೊಬ್ಬರಿಗಾದರೂ ಜಾಗ ಉಳಿದಿರಬೇಕಲ್ಲ, ನನ್ನ ಅಣ್ಣನಿಗೆ ಹೇಳಿಬಿಟ್ಟಿದ್ದೇನೆ ಎಂದಳು. ಅಣ್ಣ ಹಾಡು ಕಲಿಯುತ್ತಿದ್ದ.

ಗುಮಾಸ್ತ ಊಟ ಮಾಡದೆ ಒಬ್ಬನೇ ಕಾರು ಓಡಿಸಿಕೊಂಡು ಗ್ಯಾರೇಜಿಗೆ ಹೋದ. ಹಳೇ ಹಬ್ಬನ್ನು ಮತ್ತೆ ಹಾಕಿಕೊಡು ಎಂದ. ಹಾಕಿದರೆ ಒಂದು ದಿನ ಚಕ್ರ ನಿಮಗಿಂತ ಮೊದಲು ಆಫೀಸು ಸೇರುತ್ತದೆ ಎಂದು ಮೆಕ್ಯಾನಿಕ್ಕು ಒಪ್ಪಲಿಲ್ಲ.

"ಹೋಗಲಿ, ಹಾಗೇ ಕೊಡು. ಸೀಟಿನ ಮೇಲಿಟ್ಟು, ನೋಡಿ ನನ್ನ ಕಾರಿನ ಗತಿ ಹೀಗಿದೆ ಅಂತ ತೋರಿಸ್ತೀನಿ. ಯಾರೂ ಹತ್ತಲ್ಲ."

ಮೆಕ್ಯಾನಿಕ್ಕು ಕೈ ಒರೆಸಿಕೊಂಡ. "ಅದನ್ನ ಹೈಸ್ಕೂಲ್ ಹೆಡ್‌ಮಾಸ್ಟರು ಆಗ್ಲೇ ತಗೊಂಡು ಹೋದ್ರು ಸಾರ್. ಅವರ ಕಾರಲ್ಲಿ ಐದು ಜನ ಟೀಚರ್ಸ್ ಬರ್ತಾರಂತೆ. ಮುಂದೆ ಬರೋ ಕೆಟ್ಟ ಹಬ್ಬಿಗೂ ನಿಮಗಿಂತ ಮುಂಚೆ ಇನ್ನೂ ಇಬ್ಬರು ಹೇಳಿಟ್ಟಿದ್ದಾರೆ."

ಗುಮಾಸ್ತ ಕಾರಿನಲ್ಲಿ ಹೋಗಿ ಕೂತ. ಅಷ್ಟರಲ್ಲಿ ಗ್ಯಾರೇಜಿನ ಶಟರ್ ಕೆಳಗಿಳಿದ ಸದ್ದಾಯಿತು. ಮೆಕ್ಯಾನಿಕ್ಕು ಬಂದು ಪಕ್ಕದ ಬಾಗಿಲು ತೆಗೆದು ಕೂತು, ಬೆಲ್ಟು ಹಾಕಿಕೊಂಡ.

"ನಾನೂ ಆ ಕಡೆಗೇ ಸಾರ್," ಎಂದ. "ಅಂದಹಾಗೆ, ನೀವು ನೀರಿನ ಆಫೀಸಿನವರಂತೆ. ನಮ್ಮನೆ ನಲ್ಲಿ ವಿಚಾರ ಸ್ವಲ್ಪ ದೊಡ್ಡ ಕಥೆ, ಮೊದಲಿಂದ ಹೇಳ್ತೀನಿ ಕೇಳಿ."